ಅಟ್ಟಕ್ಕೆ ಹೋದ ಕುರಿಗಳು

ಮಧುಗಿರಿ,
ಶ್ರಾವಣದ ಎರಡನೇ ಗುರುವಾರ

ನನ್ನ ನಂಬರನ್ನು ಬ್ಲಾಕ್ ಮಾಡಿ ಸುಖವಾಗಿರುವ ಗೆಳತಿ ಲೋಹಿತಾಳಿಗೆ,

ಹರಿಯಬೇಡ. ಪೂರ್ತಿ ಓದಿ ಆಮೇಲೆ ಬೇಕಾದರೆ ಹರಿ. ಫೋನ್ ಮಾಡಿದರೆ ಹೋಗುವುದಿಲ್ಲ, ಮೆಸೇಜ್ ಹಾಕಿದರೆ ಒಂದೇ ಟಿಕ್, ಚೇತನನ ಫೋನಿನಿಂದ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕಟ್. ಅದಕ್ಕೇ ಕಾಗದ. ಶಾಲೆಯಲ್ಲಿ ರಜಾ ಅರ್ಜಿ ಬರೆದ ಮೇಲೆ ಇಷ್ಟುದ್ದ ಏನನ್ನೂ ನಾನು ಕೈಯಲ್ಲಿ ಬರೆದಿಲ್ಲ, ಬೆರಳು ಈಗಲೇ ನೋಯುತ್ತಿದೆ. ನಿನ್ನ ಸೋದರತ್ತೆ ಹನುಮಕ್ಕ ಈ ಶನಿವಾರ ಪಾವಗಡಕ್ಕೆ ಶನಿಮಹಾತ್ಮನ ದರ್ಶನಕ್ಕೆ ಬರುತ್ತಾರೆ. ಅವರ ಎಣ್ಣೆ ಬತ್ತಿಯ ಚೀಲದಲ್ಲೇ ಈ ಕಾಗದವನ್ನೂ ಒಂದು ಹಳೆಯ ಫೋನನ್ನೂ ಇಟ್ಟು ಕಳಿಸುತ್ತಿದ್ದೇನೆ. ಫೋನನ್ನು ಈಗಲೇ ಆನ್ ಮಾಡಬೇಡ. ಯಾವಾಗ ಮಾಡಬೇಕೆಂದು ಕೊನೆಯಲ್ಲಿ ನಾನೇ ಹೇಳುತ್ತೇನೆ.

ಮೊದಲು ಸುದ್ದಿ. ನಮ್ಮ ಆಟ ಕೊನೆಗೂ ಆಟವಾಗಿದೆ ಲೋಹಿ. ಹೋದ ವಾರದಿಂದ ನಾನು ಕೂತಲ್ಲಿ ಕೂತಿಲ್ಲ, ನಿಂತಲ್ಲಿ ನಿಂತಿಲ್ಲ. ಅಮ್ಮ ಎರಡು ಸಲ ಹಣೆ ಮುಟ್ಟಿ ಜ್ವರ ನೋಡಿದಳು. ನಿನಗೆ ಗೊತ್ತಿರುವ ಕಥೆಯನ್ನೇ ಮೊದಲಿನಿಂದ ಹೇಳುತ್ತೇನೆ, ಸಹಿಸಿಕೋ. ನಡುವಿನಿಂದ ಶುರು ಮಾಡಿದರೆ ನನ್ನ ಖುಷಿ ನಿನಗೆ ಅರ್ಧವೇ ಸಿಗುತ್ತದೆ, ಮತ್ತು ನಿನಗೆ ಅರ್ಧ ಕೊಡುವ ಮನಸ್ಸು ನನಗಿಲ್ಲ.

ಇದು ಸಿರಾ ಬಸ್ಸಿನಲ್ಲಿ ಹುಟ್ಟಿದ ಆಟ. ಡಿಪ್ಲೊಮಾ ಓದಲು ಮೂವರೂ ಅದೇ ಬಸ್ಸು ಹತ್ತುತ್ತಿದ್ದೆವು. ಐ.ಡಿ.ಹಳ್ಳಿಯ ಕುರಿ ಮನೆಯ ನೀನು, ಮಧುಗಿರಿಯ ಬೂಸಾ ಅಂಗಡಿಯ ನಾನು, ಕೊಳಾಲದ ಚೇತನ್ ಕುಮಾರ್. ಒಂದು ದಿನ ಕುರಿಮಂದೆ ರಸ್ತೆಗೆ ಅಡ್ಡ ಬಂದು ಬಸ್ಸು ನಿಂತಿತು. ಡ್ರೈವರ್ ಹಾರನ್ ಒತ್ತಿದ, ಜನ ಗೊಣಗಿದರು. ನೀನು ಕಿಟಕಿಯಿಂದ ಅರ್ಧ ಹೊರಗೆ ಬಾಗಿ ಕುರಿ ಕಾಯುವವನಿಗೆ, "ಅಣ್ಣ, ಹಿಂದೆ ಒಂದು ಕುಂಟ್ತಾ ಐತೆ, ನೋಡ್ಕಳಿ" ಎಂದು ಕೂಗಿದೆ. ನನಗೆ ಕಂಡದ್ದು ಕಪ್ಪು ಬಿಳುಪು ಉಣ್ಣೆಯ ರಾಶಿ ಮಾತ್ರ. ಇದನ್ನೇ ಫೋನಿನಲ್ಲಿ ಆಡುವ ಹಾಗೆ ಮಾಡಿದರೆ ಹೇಗೆ ಎಂದು ಕೇಳಿದವನು ಚೇತನ. ಬಸ್ಸು ಸಿರಾ ಸೇರುವಷ್ಟರಲ್ಲಿ ಆಟಕ್ಕೆ ಹೆಸರೂ ಇಟ್ಟಾಗಿತ್ತು, ಮಂದೆ ಅಂತ.

ಬೇಸಗೆಯಲ್ಲಿ ಮೇವು ಮುಗಿದಾಗ ಐ.ಡಿ.ಹಳ್ಳಿಯಿಂದ ಮಂದೆ ಹೊರಡುತ್ತದೆ. ಮೈದನಹಳ್ಳಿಯ ಹುಲ್ಲುಗಾವಲು ದಾಟಿ, ಸಿರಾ ಕಡೆಯ ಕೆರೆಗಳಲ್ಲಿ ನೀರು ಕುಡಿದು, ಪಾವಗಡದ ಬಯಲಿನವರೆಗೆ ಹೋಗಿ, ಮಳೆ ಬಿದ್ದ ಮೇಲೆ ಮನೆಗೆ ಬರುತ್ತದೆ. ಯಾವ ಕುರಿಯೂ ತಪ್ಪಿಹೋಗದಂತೆ ಕರೆದುಕೊಂಡು ಬರಬೇಕು, ಆಟವೆಂದರೆ ಅಷ್ಟೇ. ಇದನ್ನು ಕಣ್ಣಾರೆ ನೋಡಲೆಂದು ನಿಮ್ಮ ಹಟ್ಟಿಗೆ ಬಂದ ಬೆಳಿಗ್ಗೆ ನೆನಪಿದೆಯೇ? ನಿಮ್ಮ ಮಾವ ಮಂದೆ ಬಿಟ್ಟುಕೊಂಡು ಹೊರಟಾಗ ಹನುಮಕ್ಕ ಬೇವಿನ ಸೊಪ್ಪಿನಲ್ಲಿ ನೀರು ಚಿಮುಕಿಸಿದರು. ಹೋಗಿ ಬನ್ನಿ ಎನ್ನಲಿಲ್ಲ. "ವೋದ ದಾರೀಲೇ ಬರ್‍ರಪ್ಪ" ಎಂದರು. ನಿಮ್ಮ ಮನೆಯಲ್ಲಿ ಕುರಿ ಹೊರಟರೂ ಮನುಷ್ಯರು ಹೊರಟರೂ ಹೇಳುವುದು ಅದೊಂದೇ ಮಾತಂತೆ. ಚೇತನ ಅಲ್ಲೇ ರೆಕಾರ್ಡ್ ಮಾಡಿಕೊಂಡ. ಇವತ್ತಿಗೂ ಆಟ ಶುರುವಾಗುವುದು ಆ ದನಿಯಿಂದ. ಇಷ್ಟು ವರ್ಷಗಳಲ್ಲಿ ನಾವು ಕತ್ತರಿಸದೆ ಉಳಿಸಿಕೊಂಡದ್ದು ಬಹುಶಃ ಅದೊಂದೇ.

ಮಿಕ್ಕಿದ್ದೆಲ್ಲ ಕತ್ತರಿಗೆ ಸಿಕ್ಕಿತು. ಎಷ್ಟು ಕಟ್ಟಿದೆವು, ಎಷ್ಟು ಕಿತ್ತೆವು. ಮಧುಗಿರಿ ಬೆಟ್ಟದ ಕೋತಿಗಳು ಆಡುವವನ ಬುತ್ತಿ ಕದಿಯಬೇಕಿತ್ತು. ನಾನು ಬರೆದ ಕೋಡಿನಲ್ಲಿ ಏನೋ ತಪ್ಪಿ, ಕೋತಿ ಬುತ್ತಿಯನ್ನು ಬಿಟ್ಟು ಪರದೆಯ ಮೇಲಿದ್ದ ಆಟ ನಿಲ್ಲಿಸುವ ಬಟನ್ನನ್ನೇ ಎತ್ತಿಕೊಂಡು ಹೋಯಿತು. ಪಾಪ ಚೇತನ, ಬ್ಯಾಟರಿ ಮುಗಿಯುವವರೆಗೂ ಕುರಿ ಕಾದ. ಆಮೇಲೆ ಮೈದನಹಳ್ಳಿಯ ಕೃಷ್ಣಮೃಗಗಳು. ಮಂದೆಯ ಜೊತೆ ಅವೂ ಸೇರಿ ಮೇಯುವುದು ಎಷ್ಟು ಚೆನ್ನಾಗಿ ಕಾಣುತ್ತಿತ್ತು. ಆದರೆ ಆಟ ತನ್ನೊಳಗೇ ಇಟ್ಟುಕೊಳ್ಳುವ ಲೆಕ್ಕದಲ್ಲಿ ಅವು ಓಡುವುದನ್ನೂ ಕುರಿ ಕಳೆದದ್ದಕ್ಕೇ ಹಾಕಿತು. ಜಿಂಕೆಗಳೆಲ್ಲ ನೆಗೆದು ಓಡಿದ ಮೇಲೆ ಮಂದೆಯಲ್ಲಿ ಸೊನ್ನೆಗಿಂತ ಕಡಿಮೆ ಕುರಿ ಉಳಿದವು. "ಇಲ್ದಿರೋ ಕುರಿಗೂ ಮೇವು ಹಾಕ್ಬೇಕೇನೇ?" ಎಂದು ನೀನು ಕೇಳಿದೆ. ನಾನು ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆ.

ಪಾವಗಡದ ಸೋಲಾರ್ ಪ್ಯಾನೆಲ್‌ಗಳನ್ನು ಹಾಕಿದಾಗ ಒಂದೊಂದರಲ್ಲೂ ಸೂರ್ಯ ಹೊಳೆಯಬೇಕೆಂದು ಹಟ ಹಿಡಿದವಳು ನಾನೇ. ಆಟದಲ್ಲಿ ಬಿಸಿಲು ಹಾಕಿದರೆ ಕೈಯಲ್ಲಿದ್ದ ಫೋನು ನಿಜವಾಗಿಯೂ ಕಾಯತೊಡಗಿತು. ಕೊಳಾಲದ ಹುಣಸೆಮರದ ಕೆಳಗೆ ಹರಟುವ ಮುದುಕರೂ ಇದ್ದರು. ಎಲ್ಲರಿಗೂ ಚೇತನನೇ ದನಿ ಕೊಟ್ಟಿದ್ದರಿಂದ ಊರಿಗೆ ಊರೇ ಒಂದೇ ರಾಗದಲ್ಲಿ ಕೆಮ್ಮುತ್ತಿತ್ತು. ಕತ್ತರಿಸುವುದೆಂದರೆ ನನಗೆ ಇಷ್ಟ, ಅದನ್ನು ಮುಚ್ಚಿಡುವುದಿಲ್ಲ. ಒಂದನ್ನು ತೆಗೆದಾಗ ಉಳಿದದ್ದು ಸಲೀಸಾಗಿ ಉಸಿರಾಡುವುದು ಕಾಣುತ್ತದೆ.

ಮತ್ತು ಆ ಶನಿವಾರದ ಸಂಜೆಗಳು. ಅಪ್ಪನ ಅಂಗಡಿ ಮೇಲಿನ ನಮ್ಮ ಕೋಣೆಯಿಂದ ತಾರಸಿಗೆ ಹೋಗಿ, ಮಂಡಕ್ಕಿ ಹರಡಿಕೊಂಡು, ಬಸ್ ಸ್ಟ್ಯಾಂಡ್ ಎದುರಿನ ಗಾಡಿಯ ಬೋಂಡ ತಂದಿಟ್ಟುಕೊಂಡು, ಆ ವಾರ ಏನನ್ನು ಕತ್ತರಿಸಬೇಕೆಂದು ಕೈ ಎತ್ತುತ್ತಿದ್ದೆವು. ಯಾರದು ಹೋಗುತ್ತದೋ ಅವರಿಗೆ ಎಲ್ಲಕ್ಕಿಂತ ದೊಡ್ಡ ಬೋಂಡ. ಆ ಕಾನೂನು ನಿನ್ನದು. "ಕಳ್ಕೊಂಡೋರ್ಗೆ ಹೊಟ್ಟೆನಾದ್ರೂ ತುಂಬ್ಲಿ" ಎಂದಿದ್ದೆ. ಕತ್ತರಿಸಿದ್ದನ್ನು ಅಳಿಸಬಾರದು ಎಂಬುದೂ ನಿನ್ನದೇ ಕಾನೂನು. ಮನೆಯಲ್ಲಿ ಬೇಡವಾದದ್ದನ್ನು ಎಸೆಯದೆ ಅಟ್ಟಕ್ಕೆ ಹಾಕುವ ಹಾಗೆ, ಕಂಪ್ಯೂಟರಿನಲ್ಲಿ ಅಟ್ಟ ಎಂಬ ಫೋಲ್ಡರ್ ಮಾಡಿ ಕೋತಿ, ಜಿಂಕೆ, ಬಿಸಿಲು, ಮುದುಕರು ಎಲ್ಲರನ್ನೂ ಅಲ್ಲಿಗೆ ಏರಿಸಿದೆವು. ಚೇತನ ಬೋಂಡದ ಆಸೆಗೇ ಕೆಲಸಕ್ಕೆ ಬಾರದ ಐಡಿಯಾಗಳನ್ನು ತರುತ್ತಿದ್ದ ಎಂಬ ಅನುಮಾನ ನನಗೆ ಈಗಲೂ ಇದೆ.

ಆಮೇಲೆ ನಿನ್ನ ಮುಖಗಳ ಸರದಿ ಬಂತು.

ನೀನು ಒಂದೊಂದು ಕುರಿಗೂ ಬೇರೆ ಬೇರೆ ಮುಖ ಬರೆಯುತ್ತಿದ್ದೆ. ಕೆಂಚಿ ಯಾವಾಗಲೂ ಬೇಲಿಗೇ ಬಾಯಿ ಹಾಕುವವಳು. ಗೌಡ್ತಿ ಎಲ್ಲರೂ ನೀರು ಕುಡಿದು ಮುಗಿಸಿದ ಮೇಲೆಯೇ ತಲೆ ಬಗ್ಗಿಸುವವಳು. ಒಂದೊಂದಕ್ಕೂ ಒಂದು ನಡಿಗೆ, ಒಂದು ಕೂಗು, ಒಂದು ಕೆಟ್ಟ ಅಭ್ಯಾಸ. ಆದರೆ ಆಟಕ್ಕೆ ಹಣ ಹಾಕಿದ ಕಂಪನಿಯವರಿಗೆ ದೊಡ್ಡ ಮಂದೆ ಬೇಕಿತ್ತು, ಗೆದ್ದವರಿಗೆ ತೋರಿಸಿಕೊಳ್ಳಲು ದೊಡ್ಡ ಅಂಕಿ ಇರಲಿ ಎಂದು. ಅಷ್ಟೊಂದು ಮುಖಗಳನ್ನು ಹೊತ್ತ ಫೋನು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಎಲ್ಲಕ್ಕೂ ಒಂದೇ ಮುಖ ಹಾಕೋಣ, ಎಷ್ಟು ಉಳಿದಿವೆ ಎಂದು ಪರದೆಯ ಮೂಲೆಯಲ್ಲಿ ಒಂದು ಅಂಕಿ ತೋರಿಸೋಣ ಎಂದು ನಾನು ಹೇಳಿದೆ. ನೀನು ಪೆನ್ನು ಕೆಳಗಿಟ್ಟೆ.

"ಕುರಿನ ಎಣುಸ್ಬಾರ್ದು ಕಣೇ ರುದ್ರಿ. ನಮ್ಮನೇಲಿ ಯಾರೂ ಎಣ್ಸಲ್ಲ, ಎಣ್ಸಿದ್ರೆ ಕಣ್ ಬೀಳ್ತೈತೆ. ನೋಡಿದ್ರೆ ಗೊತ್ತಾಗಲ್ವಾ ಯಾವ್ದು ಬಂದಿಲ್ಲ ಅಂತ?" ಎಂದೆ. ನಿನಗೆ ಗೊತ್ತಾಗುತ್ತದೆ, ಆಡುವವರಿಗೆ ಹೇಗೆ ಗೊತ್ತಾಗಬೇಕು ಎಂದು ನಾನು ಕೇಳಿದೆ. "ನೋಡೋದ್ ಕಲೀಲಿ" ಎಂದೆ ನೀನು. ಆ ಶನಿವಾರ ಚೇತನ ನನ್ನ ಕಡೆಗೆ ಕೈ ಎತ್ತಿದ. ದೊಡ್ಡ ಬೋಂಡ ನಿನ್ನ ತಟ್ಟೆಗೆ ಬಂತು. ನೀನು ಅದನ್ನು ಮುಟ್ಟಲೂ ಇಲ್ಲ. "ಕುರಿ ಆಯ್ತು, ಈಗ ಕೈನೂ ಎಣ್ಸಿದ್ಯಾ. ಬುಡು" ಎಂದು ಹೇಳಿ ಮೆಟ್ಟಿಲಿಳಿದು ಹೋದೆ. ನಾವಿಬ್ಬರೂ ಆ ಬೋಂಡವನ್ನು ತಿನ್ನಲಿಲ್ಲ.

ಈಗ ನೀನು ಕ್ಷಮಿಸು ಎಂಬ ಮಾತಿಗೆ ಕಾಯುತ್ತಿರುತ್ತೀಯ. ಅದು ಬರುವುದಿಲ್ಲ. ಅವತ್ತಿನ ಮಂದೆಗೆ, ಅವತ್ತಿನ ಫೋನಿಗೆ ಅದೇ ಸರಿ ಇತ್ತು. ಅದೇ ಸ್ಥಿತಿ ಇವತ್ತು ಬಂದರೆ ಇವತ್ತೂ ಕತ್ತರಿಸುತ್ತೇನೆ. ನಿನ್ನ ಹಟ ನಿನಗೆ, ನನ್ನ ಹಟ ನನಗೆ. ಆದರೆ ನೀನು ಹೋಗಿ ಸೇರಿಕೊಂಡದ್ದು ಎಲ್ಲಿಗೆ ನೋಡು. ಪಾವಗಡದ ಸೋಲಾರ್ ಪಾರ್ಕಿನ ಕಂಟ್ರೋಲ್ ರೂಮಿಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಪರದೆ ತುಂಬ ಅಂಕಿಗಳನ್ನು ನೋಡುತ್ತ ಕೂರುವ ಕೆಲಸವಂತೆ. ಇದನ್ನು ಕೇಳಿದ ದಿನ ನಾನು ಒಬ್ಬಳೇ ಕೂತು ನಕ್ಕೆ. ಆಮೇಲೆ ಅಳು ಬಂತು, ಅದನ್ನೂ ಹೇಳಿಬಿಡುತ್ತೇನೆ. ಆ ಕೋಣೆಯಲ್ಲಿ ನಗುವುದಕ್ಕೆ ನನಗೆ ಜೊತೆ ಇರಲಿಲ್ಲ.

ಈಗ ನಿಜವಾದ ಸುದ್ದಿಗೆ ಬರುತ್ತೇನೆ, ಗಟ್ಟಿಯಾಗಿ ಕೂತುಕೋ.

ಆಷಾಢದಲ್ಲಿ ಆಟ ಸಿದ್ಧವಾಯಿತು. ಅಂಕಿ ಇರುವ, ಒಂದೇ ಮುಖದ ಕುರಿಗಳ ಆಟ. ಸಿರಾದಲ್ಲಿ ಚೇತನನ ಗೆಳೆಯರಿಗೆ ಕೊಟ್ಟೆವು, ಕೊರಟಗೆರೆಯಲ್ಲಿ ಕಾಲೇಜು ಹುಡುಗಿಯರಿಗೆ ಕೊಟ್ಟೆವು. ಚೆನ್ನಾಗಿದೆ ಎಂದರು, ಒಂದೆರಡು ದಿನ ಆಡಿ ಬಿಟ್ಟರು. ಬೈದುಕೊಂಡಾದರೂ ಆಡಬೇಕಿತ್ತು ಎಂದು ಚೇತನ ಮುಖ ಸಪ್ಪಗೆ ಮಾಡಿಕೊಂಡ. ಆಮೇಲೆ ನಿಮ್ಮ ಹಟ್ಟಿಗೆ ಹೋದೆವು. ನಿನ್ನ ಅತ್ತೆಗೆ ನಮ್ಮ ಮೇಲೆ ಸಿಟ್ಟಿಲ್ಲ, ಅದು ನಿನಗೆ ಗೊತ್ತಿರಲಿ. ಮಜ್ಜಿಗೆ ಕೊಟ್ಟು, ಫೋನ್ ಇಸಿದುಕೊಂಡು, ಜಗಲಿಯ ಮೇಲೆ ಕೂತು ಆಡತೊಡಗಿದರು. ಅಕ್ಕಪಕ್ಕದ ಹೆಂಗಸರು ಗಂಡಸರು ಸೇರಿಕೊಂಡರು. ಎಲ್ಲರೂ ಫೋನನ್ನು ಒಂದು ವಿಚಿತ್ರ ರೀತಿಯಲ್ಲಿ ಹಿಡಿಯುತ್ತಿದ್ದರು. ಎಡಗೈಯ ಹೆಬ್ಬೆರಳು ಹೋಗಿ ಪರದೆಯ ಎಡ ಮೂಲೆಯಲ್ಲಿ ಕೂರುತ್ತಿತ್ತು. ಆ ಮೂಲೆಯಲ್ಲಿ ಇದ್ದದ್ದು ನನ್ನ ಅಂಕಿ.

ನಾನು ಏನು ಮಾಡಿದೆ ಗೊತ್ತೇ? ಇದು ಫೋನ್ ಹಿಡಿಯುವ ಅಭ್ಯಾಸದ ತೊಂದರೆ ಎಂದುಕೊಂಡು, ಮನೆಗೆ ಬಂದು ಅಂಕಿಯನ್ನು ಬಲ ಮೂಲೆಗೆ ಸರಿಸಿದೆ. ಮತ್ತೆ ಹೋದರೆ ಎಲ್ಲರ ಬಲ ಹೆಬ್ಬೆರಳು ಬಲ ಮೂಲೆಯಲ್ಲಿ. ಅಂಕಿಯನ್ನು ಕೆಳಗೆ ತಂದೆ, ಹೆಬ್ಬೆರಳೂ ಕೆಳಗೆ ಬಂತು. ಸರಿಯಾಗಿ ಕಾಣುತ್ತಿಲ್ಲವೇನೋ ಎಂದು ಅಂಕಿಯನ್ನು ಇನ್ನಷ್ಟು ದಪ್ಪ ಮಾಡಿದೆ. ಆಗ ಒಬ್ಬಾಕೆ ಸೆರಗಿನ ತುದಿಯನ್ನು ಅದರ ಮೇಲೆ ಹೊದಿಸಿಕೊಂಡು ಆಡಿದಳು. ಏನಾದರೂ ಕಣ್ಣಿಗೆ ಚುಚ್ಚುತ್ತಿದೆಯೇ ಎಂದು ಕೇಳಿದರೆ ಹನುಮಕ್ಕ, "ಏನಿಲ್ಲ ಬುಡು ಮಗ, ನೀನ್ ಕಷ್ಟಪಟ್ಟು ಮಾಡಿದೀಯ, ಇರ್ಲಿ" ಎಂದರು. ನನ್ನ ಮನಸ್ಸು ನೋಯಿಸಬಾರದೆಂದು ಊರಿಗೆ ಊರೇ ಬಾಯಿ ಮುಚ್ಚಿಕೊಂಡು, ಹೆಬ್ಬೆರಳು ಒತ್ತಿಕೊಂಡು ಕೂತಿತ್ತು. ನಗಬೇಡ. ನನಗೆ ಆಗಲೂ ಹೊಳೆಯಲಿಲ್ಲ.

ಹೊಳೆದದ್ದು ನಿನ್ನ ಸೋಲಾರ್ ಪಾರ್ಕಿನ ಕಡೆಯ ಕ್ಯಾತಗಾನಚೆರ್ಲುವಿನಲ್ಲಿ. ಅಲ್ಲಿ ತಿಮ್ಮರಾಜು ಎಂಬವರ ಮನೆಗೆ ಹೋಗಿದ್ದೆವು. ಹೊಲವನ್ನು ಸೋಲಾರಿಗೆ ಕೊಟ್ಟು, ಉಳಿದ ಬಯಲಿನಲ್ಲಿ ಕುರಿ ಮೇಯಿಸುವವರು. ಅರ್ಧ ಕನ್ನಡ, ಅರ್ಧ ತೆಲುಗಿನ ಮನೆ. ಅವರು ಫೋನ್ ತೆಗೆದುಕೊಂಡು ನೋಡಿದರು. ಹೆಬ್ಬೆರಳು ಇಡಲಿಲ್ಲ. ಜೇಬಿನಿಂದ ಬಸ್ ಟಿಕೆಟ್ ತೆಗೆದು, ನಾಲಗೆಗೆ ಒತ್ತಿ, ಅಂಕಿಯ ಮೇಲೆ ಅಂಟಿಸಿಬಿಟ್ಟರು. "ಅದು ವದ್ದಮ್ಮ. ಕುರಿಗ್ಳು ಬಾಗುನ್ನಾಯಿ, ಆ ಲೆಕ್ಕ ಒಂದು ನಮ್ ಕಣ್ಗೆ ಬೀಳ್ಕೂಡ್ದು" ಎಂದರು. ಕುರಿಗಳು ಚೆನ್ನಾಗಿವೆ, ಅಂಕಿ ಮಾತ್ರ ಬೇಡವಂತೆ. ಹಾಗೆ ಅಂಟಿಸಿದ ಮೇಲೆ ಸಂಜೆಯವರೆಗೂ ಫೋನ್ ವಾಪಸು ಕೊಡಲಿಲ್ಲ. ನಿನ್ನ ಮಾತು ಆಗ ನನ್ನ ಕಿವಿಯಲ್ಲಿ ಹೊಸದಾಗಿ ಕೇಳಿಸಿತು. ನಾನು ನಿನ್ನೊಬ್ಬಳ ಹಟ ಎಂದುಕೊಂಡದ್ದು ಕುರಿ ಇರುವ ಇಷ್ಟು ಮನೆಗಳ ನಡೆ ಆಗಿತ್ತು.

ಅವತ್ತು ವಾಪಸು ಬರುವಾಗ ಬಸ್ಸು ನಿನ್ನ ಪಾರ್ಕಿನ ಗೇಟಿನ ಮುಂದೆಯೇ ನಿಂತಿತು. ನೀನು ಟಿಫಿನ್ ಬಾಕ್ಸ್ ಹಿಡಿದು ಇನ್ನೊಬ್ಬಳ ಜೊತೆ ಮಾತಾಡುತ್ತಿದ್ದೆ. ಸ್ವಲ್ಪ ಸೊರಗಿದ್ದೀಯ. ಇಳಿಯೋಣ ಎಂದು ಚೇತನ ಎದ್ದು ನಿಂತ. ನಾನು ಅವನ ಅಂಗಿ ಹಿಡಿದು ಕೂರಿಸಿದೆ. ಬರಿಗೈಯಲ್ಲಿ ಬಂದು ನಿನಗೆ ಏನು ಹೇಳಲಿ? ನಿನ್ನ ಜೊತೆ ಜಗಳ ಆಡುವ ಆಸೆ ಗಂಟಲವರೆಗೂ ಬಂದಿತ್ತು, ಆದರೆ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಿತ್ತು.

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ನಮ್ಮಪ್ಪ ನಾಗಭೂಷಣ್ ಎಂಥವರು ಎಂದು ನಿನಗೆ ಗೊತ್ತು, ಎಣಿಸದೆ ಒಂದು ಮೂಟೆಯನ್ನೂ ಒಳಗೆ ಬಿಡುವವರಲ್ಲ. ಕುರಿ ಎಣಿಸುವುದಿಲ್ಲವಂತೆ ಎಂದರೆ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. "ನಾನು ಮೂಟೆ ಎಣಿಸೋವಾಗ ಏನಂತ ಶುರು ಮಾಡ್ತೀನಿ?" ಎಂದು ಕೇಳಿದರು. ಲಾಭ ಅಂತ, ಎಂದೆ. ಹುಟ್ಟಿದಾಗಿನಿಂದ ಕೇಳುತ್ತಿದ್ದೇನೆ, ಲಾಭ, ಎರಡು, ಮೂರು ಎಂದು. "ಯಾಕೆ ಒಂದು ಅನ್ನಲ್ಲ? ಒಂದಕ್ಕೇ ನಿಂತೋದ್ರೆ ಅಂತ ಭಯ. ಬಾಯಲ್ಲಿ ಬರಬಾರ್ದು ಅಂತ ನಮಗೊಂದು ಅಂಕಿ ಐತೆ, ಅವ್ರಿಗೆ ಎಲ್ಲಾ ಅಂಕಿನೂ ಅಂಗೇ. ಅಷ್ಟೇ ಕಣಮ್ಮ" ಎಂದು ಹೇಳಿ ಹಿಂಡಿ ಮೂಟೆ ಇಳಿಸಿಕೊಳ್ಳಲು ಹೋದರು.

ಮಾರನೆಯ ದಿನ ಶನಿವಾರ. ತಾರಸಿಯಲ್ಲಿ ನಾನೇ ಎದ್ದು ನಿಂತು, ಇವತ್ತು ಕತ್ತರಿಸುವುದು ನನ್ನ ಅಂಕಿಯನ್ನು ಎಂದೆ. ಚೇತನ ಕೈ ಎತ್ತುವ ಗೋಜಿಗೂ ಹೋಗದೆ ದೊಡ್ಡ ಬೋಂಡವನ್ನು ತೆಗೆದು ನನ್ನ ತಟ್ಟೆಗೆ ಹಾಕಿದ. ಒಳಗೆ ಹಸಿ ಹಸಿ ಇತ್ತು. ಆದರೂ ಪೂರ್ತಿ ತಿಂದೆ.

ತಿನ್ನುತ್ತಿರುವಾಗಲೇ ತಲೆ ಓಡತೊಡಗಿತು ಲೋಹಿ. ದೊಡ್ಡ ಮಂದೆ ಯಾಕೆ ಬೇಕಿತ್ತು? ಮೂಲೆಯಲ್ಲಿ ದೊಡ್ಡ ಅಂಕಿ ಕಾಣಲಿ ಎಂದು. ಅಂಕಿಯೇ ಇಲ್ಲದ ಮೇಲೆ ದೊಡ್ಡ ಮಂದೆ ಯಾರಿಗೆ ಬೇಕು? ಚಿಕ್ಕದಾದರೆ ಸಾಕು. ಚಿಕ್ಕ ಮಂದೆಯಾದರೆ ಫೋನು ಒಂದೊಂದು ಮುಖವನ್ನೂ ಆರಾಮವಾಗಿ ಹೊರುತ್ತದೆ. ಮುಖ ಇದ್ದರೆ ಯಾರು ತಪ್ಪಿಹೋದರು ಎಂದು ಆಡುವವನಿಗೆ ತಾನಾಗಿ ಕಾಣುತ್ತದೆ. ಇದನ್ನೆಲ್ಲ ಬಾಯಲ್ಲಿ ಬೋಂಡ ಇಟ್ಟುಕೊಂಡೇ ಹೇಳುತ್ತ ಹೋದೆ, ಚೇತನನಿಗೆ ಅರ್ಧ ತಿಳಿಯಲಿಲ್ಲ. ತಿಳಿದ ಅರ್ಧಕ್ಕೇ ಅವನು ಮಂಡಕ್ಕಿ ಚೆಲ್ಲಿ ಕೆಳಗೆ ಓಡಿ ಕಂಪ್ಯೂಟರ್ ಹಾಕಿದ. ಅಟ್ಟ ತೆಗೆದೆವು. ನಿನ್ನ ಕುರಿಗಳೆಲ್ಲ ಅಲ್ಲೇ ಇದ್ದವು. ಕೆಂಚಿ ಪರದೆಗೆ ಬಂದವಳೇ ಮೊದಲು ಮಾಡಿದ ಕೆಲಸ ಬೇಲಿಗೆ ಬಾಯಿ ಹಾಕಿದ್ದು.

ಇನ್ನೊಂದು ಖುಷಿ ಕೇಳು. ಕೃಷ್ಣಮೃಗಗಳನ್ನೂ ಇಳಿಸಿದೆವು. ಲೆಕ್ಕ ಹಿಡಿಯುವವರೇ ಇಲ್ಲದ ಮೇಲೆ ಜಿಂಕೆ ಮಂದೆಗೆ ಸೇರಿದರೇನು, ಬಿಟ್ಟು ಓಡಿದರೇನು? ಈಗ ಮೈದನಹಳ್ಳಿಯಲ್ಲಿ ಅವು ಬಂದು ಮೇಯ್ದು, ತಮ್ಮ ಪಾಡಿಗೆ ತಾವು ನೆಗೆದು ಹೋಗುತ್ತವೆ. ಪಾವಗಡದ ಪ್ಯಾನೆಲ್‌ಗಳಲ್ಲಿ ಸೂರ್ಯನನ್ನು ಬಿಟ್ಟು ನೆರಳನ್ನು ಮಾತ್ರ ಉಳಿಸಿಕೊಂಡೆವು, ಕುರಿಗಳು ಅಲ್ಲಿ ಮಲಗುತ್ತವೆ. ಕೋತಿಯೂ ಮುದುಕರೂ ಮಾತ್ರ ಅಟ್ಟದಲ್ಲೇ ಇದ್ದಾರೆ. ಮುದುಕರನ್ನು ಇಳಿಸೋಣ ಎಂದು ಚೇತನ ದಿನಾ ಗೋಗರೆಯುತ್ತಾನೆ, ನಾನು ಕಿವಿ ಕೇಳದವಳ ಹಾಗೆ ಇದ್ದೇನೆ.

ಒಂದೇ ಒಂದು ಫೋನಿಗೆ, ನಿನಗೆ ಕಳಿಸಿರುವುದಕ್ಕೇ, ಇದನ್ನು ಹಾಕಿ ಮೊದಲು ಅಪ್ಪನ ಕೈಗೆ ಕೊಟ್ಟೆ. ಅವರು ಬೂಸಾ ಮೂಟೆಯ ಮೇಲೆ ಕೂತು ಆಡಿದರು. ಗಿರಾಕಿ ಬಂದು ನಿಂತರೂ ತಲೆ ಎತ್ತಲಿಲ್ಲ. ಹುಲ್ಲುಗಾವಲು ದಾಟುವ ಹೊತ್ತಿಗೆ ತಟ್ಟನೆ ಆಟ ನಿಲ್ಲಿಸಿ, "ಲೇ, ಆ ಬೇಲಿ ಕಳ್ಳಿ ಎಲ್ಲಿ ಹೋದ್ಲು?" ಎಂದರು. ಕೆಂಚಿ ಹಿಂದೆ ಉಳಿದಿದ್ದಳು. ಯಾವ ಅಂಕಿಯೂ ಹೇಳಿರಲಿಲ್ಲ, ಯಾವ ಗಂಟೆಯೂ ಬಾರಿಸಿರಲಿಲ್ಲ. ಮೂಟೆ ಎಣಿಸಿಯೇ ಕೂದಲು ಬೆಳ್ಳಗಾದ ನಮ್ಮಪ್ಪ ಎಣಿಸದೆ ನೋಡಿದರು. ನೋಡೋದ್ ಕಲೀಲಿ ಎಂದಿದ್ದೆಯಲ್ಲ, ಒಂದು ಮಧ್ಯಾಹ್ನದಲ್ಲಿ ಕಲಿತರು. ಇದನ್ನು ಹೇಳಲು ಮೊದಲು ಕೈಗೆತ್ತಿಕೊಂಡದ್ದು ಫೋನು, ಮೊದಲು ಒತ್ತಿದ್ದು ನಿನ್ನ ನಂಬರು. ನೀನು ಬ್ಲಾಕ್ ಮಾಡಿದ್ದು ಆ ಗಳಿಗೆಯಲ್ಲಿ ಮರೆತೇಹೋಗಿತ್ತು.

ಕಂಪನಿಯವರನ್ನು ಒಪ್ಪಿಸಿದ್ದೂ ಒಂದು ಕಥೆ. ಗೆದ್ದವರಿಗೆ ಗೆದ್ದದ್ದು ಕಾಣಬೇಡವೇ, ಅಂಕಿ ಇಲ್ಲದ ಆಟ ಎಲ್ಲಾದರೂ ಉಂಟೇ ಎಂದು ವೀಡಿಯೊ ಕಾಲಿನಲ್ಲಿ ಕೇಳಿದರು. ನಾನು ವಾದ ಮಾಡಲಿಲ್ಲ. ಬಸ್ ಟಿಕೆಟ್ ಅಂಟಿದ ಫೋನನ್ನು ಕ್ಯಾಮೆರಾ ಮುಂದೆ ಹಿಡಿದೆ. ಇದನ್ನು ಯಾರು ಅಂಟಿಸಿದ್ದು ಎಂದು ಕೇಳಿದರು, ಆಡಿದವರೇ ಎಂದೆ. ಆಮೇಲೆ ಒಪ್ಪಿದರು, ಆದರೆ ತಾರೀಖು ಮುಂದಕ್ಕೆ ಹೋಗುವುದಿಲ್ಲ ಎಂದರು. ಗೌರಿ ಹಬ್ಬಕ್ಕೆ ಮುಂಚೆ ಕೊನೆಯ ಪ್ರತಿ ಅವರ ಕೈ ಸೇರಬೇಕು.

ಈಗ ವಿಷಯ ನಿನ್ನ ಕೈಯಲ್ಲಿದೆ. ಮುಖಗಳು ನಿನ್ನವು. ಅಟ್ಟದಲ್ಲಿರುವುದು ನಮ್ಮದೇ ತಾನೇ, ಹಾಕಿಬಿಡೋಣ ಎಂದು ಚೇತನ ಹೇಳಿದ. ನಾನು ಬೇಡ ಎಂದೆ. ಅವತ್ತು ನಿನ್ನ ಮಾತು ಕೇಳದೆ, ಕೈ ಎತ್ತಿ ಕತ್ತರಿಸಿದೆವು. ಇವತ್ತು ನಿನ್ನನ್ನು ಕೇಳದೆ ಅಂಟಿಸುವುದಿಲ್ಲ. ನೀನು ಹೂಂ ಎಂದರೆ ಕಂಪನಿಗೆ ಈ ಆಟ ಹೋಗುತ್ತದೆ. ಬೇಡ ಎಂದರೆ, ಅಥವಾ ಮಾತೇ ಆಡದಿದ್ದರೆ, ಹಳೆಯದೇ ಹೋಗುತ್ತದೆ. ಒಂದೇ ಮುಖದ ಕುರಿಗಳು, ಮೂಲೆಯಲ್ಲಿ ದಪ್ಪ ಅಂಕಿ, ಅದರ ಮೇಲೆ ನಿಮ್ಮ ಹಟ್ಟಿಯವರ ಹೆಬ್ಬೆರಳು. ನಾನು ನಿನ್ನನ್ನು ದೂರುವುದಿಲ್ಲ. ಆದರೆ ಹಾಗೆ ಆದರೆ ನನ್ನ ಹೊಟ್ಟೆ ಉರಿಯುತ್ತದೆ, ಅದನ್ನು ಮಾತ್ರ ಮುಚ್ಚಿಡಲಾರೆ.

ಹೂಂ ಎಂದರೂ ಕೆಲಸ ಮುಗಿಯುವುದಿಲ್ಲ. ಮಂದೆಗೆ ಮುಂದೆ ನಡೆಯುವವಳು ಸೀಳ್ಗಿವಿ. ನೀನು ಮೆಟ್ಟಿಲಿಳಿದು ಹೋದ ದಿನ ಬರೆಯುತ್ತಿದ್ದದ್ದು ಅವಳನ್ನೇ. ಸೀಳು ಬಿದ್ದ ಕಿವಿ ಒಂದು ಚೆನ್ನಾಗಿ ತೂಗಾಡುತ್ತಿದೆ, ಇನ್ನೊಂದು ಕಿವಿ ಇಲ್ಲವೇ ಇಲ್ಲ, ಕಣ್ಣು ಬರೆದಿಲ್ಲ. ನಾನೇ ಮುಗಿಸಲು ನೋಡಿದೆ. ಅದು ನಮ್ಮ ಗಣಿತದ ಮೇಷ್ಟ್ರಿಗೆ ಕುರಿಯ ಕಿವಿ ಅಂಟಿಸಿದ ಹಾಗೆ ಬಂತು. ಅದೊಂದನ್ನು ಮಾತ್ರ ಕಾನೂನು ಮುರಿದು ಅಳಿಸಿದ್ದೇನೆ, ಅಟ್ಟಕ್ಕೂ ಹಾಕಲಿಲ್ಲ. ಇನ್ನು ಮಂದೆಯನ್ನು ಕರೆಯುವ ದನಿ ಈಗ ಚೇತನನದು. ಬಸ್ ಸ್ಟ್ಯಾಂಡಿನಲ್ಲಿ ಸಿರಾ ಸಿರಾ ಎಂದು ಕೂಗುವ ಕಂಡಕ್ಟರನ ಹಾಗಿದೆ. ಅದನ್ನು ಕೇಳಿದ ಯಾವ ಕುರಿಯೂ ಬರಲಾರದು, ಜನ ಬಂದಾರು.

ಕೆಲಸ ಬಿಟ್ಟು ಬಾ ಎಂದು ನಾನು ಹೇಳುತ್ತಿಲ್ಲ. ಶನಿವಾರದ ಸಂಜೆಗಳು ನಿನಗೆ ಬಿಡುವಿರುತ್ತವೆ ಎಂದು ನಿನ್ನ ಅತ್ತೆ ಹೇಳಿದರು. ಪಾವಗಡದಿಂದ ಬಸ್ಸು ಇದೆ. ಬಾ, ಕಣ್ಣು ಬರೆ, ಕೂಗು, ನನ್ನನ್ನು ಮನಸಾರೆ ಬೈ. ನನಗೆ ನಿನ್ನ ಮುಖಗಳು ಬೇಕು ನಿಜ. ಅವಕ್ಕಿಂತ ಮೊದಲು ನೀನು ಬೇಕು. ಇದನ್ನು ಬರೆದು ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ನೋಡು, ಮೇಲೆ ಗೀಚಿದ್ದು ಕಾಣುತ್ತದೆ.

ಈಗ ಫೋನ್ ಆನ್ ಮಾಡು.

ಮೊದಲು ನಿನ್ನ ಅತ್ತೆಯ ದನಿ ಕೇಳಿಸುತ್ತದೆ. ಆಮೇಲೆ ನೀರಿನ ತೊಟ್ಟಿ, ಅದರ ಸುತ್ತ ನಿನ್ನ ಮಂದೆ. ಎಲ್ಲರೂ ನೀರು ಕುಡಿದಾಗಿದೆ, ಗೌಡ್ತಿ ಕೂಡ. ಮುಂದಕ್ಕೆ ಹೊಡೆದುಕೊಂಡು ಹೋಗಲು ನೋಡು, ಹೊರಡುವುದಿಲ್ಲ. ಎಷ್ಟು ಒತ್ತಿದರೂ ಅವು ಬಂದ ದಾರಿಯ ಕಡೆಗೇ ಮುಖ ಮಾಡಿಕೊಂಡು ನಿಂತಿರುತ್ತವೆ. ಕೋಡು ಕೆಟ್ಟಿದೆ ಎಂದುಕೊಳ್ಳಬೇಡ, ಅಪ್ಪ ಆಡಿದ ಮೇಲೆ ನಿನಗೆಂದು ನಾನೇ ಹಾಗೆ ಬರೆದಿದ್ದೇನೆ. ಮೂಲೆಯಲ್ಲಿ ಅಂಕಿ ಇಲ್ಲ. ಯಾರು ಬಂದಿಲ್ಲ ಎಂದು ನಿನಗೆ ನೋಡಿದ ಕೂಡಲೇ ತಿಳಿಯುತ್ತದೆ. ನನಗೂ ಈಗ ಹಾಗೆಯೇ ತಿಳಿಯುತ್ತದೆ, ಪ್ರತಿ ಶನಿವಾರ, ತಾರಸಿಗೆ ಕಾಲಿಟ್ಟ ಕೂಡಲೇ.

ನಿನ್ನ ಕಣ್ಣು ತಂಪಾಗಿರಲಿ, ಕೈ ಗಟ್ಟಿಯಾಗಿರಲಿ. ವೋದ ದಾರೀಲೇ ಬಾ.

ಇಂತು,
ಊರಿಗೆ ಶಿವರುದ್ರಮ್ಮ, ನಿನಗೆ ಮಾತ್ರ
ರುದ್ರಿ